ಒಂದು ವಿಲ್, ಮೂರು ಓದು: ‘ಮಕ್ಕಳು’ ಅಂದರೆ ಯಾರು?

ನಾನು ತಾಲ್ಲೂಕು ಮಟ್ಟದಲ್ಲಿ ಸಿವಿಲ್ ಕೇಸುಗಳನ್ನು ನಡೆಸುವ ವಕೀಲ. ಇಲ್ಲಿ ಹೇಳುತ್ತಿರುವುದು ಹಳೇ ಮೈಸೂರು ಕಡೆಯ ಒಂದು ಮನೆತನದ ಜಗಳ. ಹೆಸರು, ಊರು, ಅಳತೆ ಎಲ್ಲ ಬದಲಿಸಿದ್ದೇನೆ. ವಿಲ್‌ನ ವಾಕ್ಯಗಳನ್ನೂ ಗುರುತು ಸಿಗದಷ್ಟು ತಿರುಗಿಸಿದ್ದೇನೆ, ಆದರೆ ಗಂಟು ಬಿದ್ದ ಜಾಗ ಮಾತ್ರ ಹಾಗೇ ಇದೆ. ಯಾಕೆ ಬರೆಯುತ್ತಿದ್ದೇನೆ ಅಂದರೆ, ವಿಲ್ ಜಗಳ ಅಂದ ಕೂಡಲೇ ಜನ ‘ಅದು ನಿಜಾನಾ, ಸುಳ್ಳಾ’ ಅಂತ ಮಾತ್ರ ಯೋಚಿಸುತ್ತಾರೆ. ಈ ಪ್ರಕರಣದಲ್ಲಿ ಮೂವರೂ ಅದೇ ಕಾಗದ ಹಿಡಿದುಕೊಂಡು ಬಂದಿದ್ದರು. ಜಗಳ ಇದ್ದದ್ದು ಅದರಲ್ಲಿ ಬರೆದ ಮಾತಿನ ಅರ್ಥದ ಬಗ್ಗೆ.

ತಂದೆ ಸರ್ಕಾರಿ ಶಾಲೆಯ ಮೇಷ್ಟ್ರು. ಸಂಬಳದಲ್ಲಿ ಉಳಿಸಿ 30×40 ಸೈಟು ಕೊಂಡು ಮನೆ ಕಟ್ಟಿದ್ದರು. ನಿವೃತ್ತಿ ಹಣದಲ್ಲಿ ಊರ ಹೊರಗೆ 2 ಎಕರೆ 10 ಗುಂಟೆ ತೆಂಗಿನ ತೋಟ ತೆಗೆದುಕೊಂಡರು. ಎರಡೂ ಸ್ವಯಾರ್ಜಿತ. ಮಕ್ಕಳು ಮೂವರು: ದೊಡ್ಡಮಗ, ಮಧ್ಯೆ ಮಗಳು, ಚಿಕ್ಕಮಗ. 2003ರಲ್ಲಿ ಮೇಷ್ಟ್ರು ಪತ್ರ ಬರಹಗಾರರೊಬ್ಬರಿಂದ ವಿಲ್ ಬರೆಸಿ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಿದರು. 2008ರಲ್ಲಿ ತೀರಿಕೊಂಡರು. ಮಾರನೇ ವರ್ಷ ಗಂಡುಮಕ್ಕಳಿಬ್ಬರೂ ವಿಲ್ ಪ್ರಕಾರ ತೋಟವನ್ನು ಪಾಲು ಮಾಡಿಕೊಂಡು ಪಾಲುಪಟ್ಟಿ ನೋಂದಾಯಿಸಿದರು. ಅದಕ್ಕೆ ಮಗಳೂ ಒಪ್ಪಿಗೆ ಸಹಿ ಹಾಕಿದ್ದರು. ಮನೆಯ ವಿಷಯ ಆಗ ಬರಲಿಲ್ಲ, ತಾಯಿ ಅದರಲ್ಲೇ ಇದ್ದರು.

ತಾಯಿಯನ್ನು ನೋಡಿಕೊಂಡವರು ಚಿಕ್ಕಮಗ ಮತ್ತು ಅವರ ಹೆಂಡತಿ. ಇದನ್ನು ಯಾರೂ ಅಲ್ಲಗಳೆಯಲಿಲ್ಲ. ಕೊನೆಯ ಎರಡು ವರ್ಷ ತಾಯಿ ಹಾಸಿಗೆ ಹಿಡಿದಿದ್ದರು, ಆ ಸೊಸೆ ಮಾಡಿದ ಸೇವೆ ಸಣ್ಣದಲ್ಲ. 2016ರಲ್ಲಿ ತಾಯಿ ಇಡೀ ಮನೆಯನ್ನು ಚಿಕ್ಕಮಗನಿಗೆ ದಾನಪತ್ರ ಮಾಡಿಕೊಟ್ಟರು. 2018ರಲ್ಲಿ ತೀರಿಹೋದರು. ತಿಥಿ ಮುಗಿದ ಮೇಲೆ ಖಾತೆ ಬದಲಾಗಿರುವ ವಿಷಯ ಹೊರಬಿತ್ತು. 2019ರಲ್ಲಿ ದೊಡ್ಡಮಗ ವಿಭಾಗ ದಾವೆ ಹಾಕಿದರು: ಮನೆಯಲ್ಲಿ ತನಗೆ ಅರ್ಧ, ತಮ್ಮನಿಗೆ ಅರ್ಧ. ತಂಗಿಯನ್ನು ಎರಡನೇ ಪ್ರತಿವಾದಿ ಮಾಡಿದ್ದರು, ಆದರೆ ಅವರಿಗೆ ಪಾಲೇ ತೋರಿಸಿರಲಿಲ್ಲ.

ಆ ತಂಗಿ ನನ್ನ ಆಫೀಸಿಗೆ ಬಂದಾಗ ಅವರ ಕೈಯಲ್ಲಿ ಇದ್ದದ್ದು ಅಣ್ಣ ಎಂದೋ ವಾಟ್ಸಾಪ್‌ನಲ್ಲಿ ಕಳಿಸಿದ್ದ ಎರಡು ಪುಟಗಳ ಫೋಟೊ ಮಾತ್ರ. ಜೊತೆಗೆ ಬಂದಿದ್ದ ಅವರ ಯಜಮಾನರು ತುಂಬ ಕೋಪದಲ್ಲಿದ್ದರು. “ಸಾರ್, ಈ ವಿಲ್ಲೇ ಸುಳ್ಳು ಅಂತ ಹಾಕಿ. 2005ರ ಕಾಯಿದೆ ಬಂದಿದೆ, ಹೆಣ್ಣುಮಕ್ಕಳಿಗೂ ಸಮಪಾಲು ಇದೆ” ಅಂದರು.

ಇದು ತುಂಬ ಜನ ಮಾಡುವ ತಪ್ಪು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಿಂದೂ ಉತ್ತರಾಧಿಕಾರ ಕಾಯಿದೆಗೆ ಬಂದ 2005ರ ತಿದ್ದುಪಡಿ, 2020ರಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದ್ದು, ಇವೆಲ್ಲ ಪಿತ್ರಾರ್ಜಿತ ಒಟ್ಟು ಕುಟುಂಬದ ಆಸ್ತಿಯ ಮಾತು. ಮೇಷ್ಟ್ರು ಸಂಬಳದ ದುಡ್ಡಿನಲ್ಲಿ ಕೊಂಡ ಸೈಟಿಗೆ ಅದು ತಾಗುವುದಿಲ್ಲ. ಸ್ವಯಾರ್ಜಿತವನ್ನು ಅವರು ಯಾರಿಗೆ ಬೇಕಾದರೂ ಬರೆಯಬಹುದಿತ್ತು.

ಇನ್ನು ವಿಲ್ ಸುಳ್ಳು ಅಂದುಬಿಟ್ಟರೆ ಏನಾಗುತ್ತದೆ? ಪೆನ್ನು ಹಿಡಿದು ಅವರ ಎದುರಿಗೇ ಲೆಕ್ಕ ಹಾಕಿದೆ. ವಿಲ್ ಇಲ್ಲ ಅಂತಾದರೆ ಮೇಷ್ಟ್ರ ಮನೆ ಹೆಂಡತಿ ಮತ್ತು ಮೂರು ಮಕ್ಕಳಿಗೆ ತಲಾ ಕಾಲು ಭಾಗ. ತಾಯಿಯ ಕಾಲು ಭಾಗ ದಾನಪತ್ರದಿಂದ ಚಿಕ್ಕಮಗನಿಗೆ ಹೋಗುತ್ತದೆ, ಅವರಿಗೆ ಅರ್ಧ ಆಯಿತು. ಮಗಳಿಗೆ ಕಾಲು. ತೋಟದಲ್ಲೂ ಪಾಲು ಕೇಳಬಹುದು ಅಂತ ಕಾಣಿಸುತ್ತದೆ, ಆದರೆ 2009ರ ಪಾಲುಪಟ್ಟಿಯಲ್ಲಿ ‘ನಮ್ಮ ತಂದೆಯವರ ಮರಣಶಾಸನದಂತೆ’ ಅನ್ನುವ ಮಾತಿನ ಕೆಳಗೆ ಅವರದೇ ಸಹಿ ಇದೆ. ಹತ್ತು ವರ್ಷ ಒಪ್ಪಿಕೊಂಡ ಕಾಗದವನ್ನು ಈಗ ಸುಳ್ಳು ಅಂದರೆ ನ್ಯಾಯಾಧೀಶರು ಮೊದಲ ದಿನವೇ ಅನುಮಾನದಿಂದ ನೋಡುತ್ತಾರೆ.

ವಿಲ್ ನಿಂತರೆ? ಅದು ಓದಿನ ಮೇಲೆ ನಿಂತಿದೆ. ದೊಡ್ಡಣ್ಣನ ಓದಿನಲ್ಲಿ ಇವರಿಗೆ ಸೊನ್ನೆ. ತಮ್ಮನ ಓದಿನಲ್ಲೂ ಸೊನ್ನೆ. ಮೂರನೇ ಓದು ಇದೆಯಾ ಅಂತ ನೋಡಲು ಇಡೀ ವಿಲ್ ಬೇಕಿತ್ತು, ನಮ್ಮ ಹತ್ತಿರ ಇದ್ದದ್ದು ಎರಡು ಪುಟ. “ಪೂರ್ತಿ ಓದುವವರೆಗೆ ಏನನ್ನೂ ಅಲ್ಲಗಳೆಯುವುದು ಬೇಡ ಅಮ್ಮ” ಅಂದೆ. ಯಜಮಾನರಿಗೆ ಅಸಮಾಧಾನ ಆಯಿತು. ಮಗಳು ಮಾತ್ರ ಒಪ್ಪಿದರು. ಹಿಂತಿರುಗಿ ನೋಡಿದರೆ ಕೇಸು ತಿರುಗಿದ್ದು ಅಲ್ಲೇ.

ವಿಲ್ ಬರೆದವರು ತೀರಿಕೊಂಡ ಮೇಲೆ, ನೋಂದಾಯಿತ ವಿಲ್‌ನ ದೃಢೀಕೃತ ನಕಲನ್ನು ಯಾರು ಬೇಕಾದರೂ ಅರ್ಜಿ ಹಾಕಿ ಪಡೆಯಬಹುದು. ತೆಗೆಸಿದೆವು. ನಾಲ್ಕು ಪುಟ. ಮುಖ್ಯವಾದ ಮೂರು ಜಾಗಗಳು ಇವು.

ಮೊದಲ ಪುಟದ ಪೀಠಿಕೆಯಲ್ಲಿ: “ನನಗೆ ಧರ್ಮಪತ್ನಿಯೂ ಮೂರು ಜನ ಮಕ್ಕಳೂ ಇರುತ್ತಾರೆ.”

ಮನೆಯ ಬಗ್ಗೆ: “ನನ್ನ ಮರಣಾನಂತರ ಎ ಷೆಡ್ಯೂಲ್ ಮನೆಯನ್ನು ನನ್ನ ಧರ್ಮಪತ್ನಿಯು ತನ್ನ ಜೀವಿತ ಕಾಲ ಪರ್ಯಂತ ಸಂಪೂರ್ಣ ಹಕ್ಕಿನಿಂದ ಅನುಭವಿಸಿಕೊಂಡು ಹೋಗತಕ್ಕದ್ದು. ಆಕೆಯ ತರುವಾಯ ಸದರಿ ಮನೆಯು ನನ್ನ ಮಕ್ಕಳಿಗೆ ಸೇರತಕ್ಕದ್ದು.”

ತೋಟದ ಬಗ್ಗೆ: “ನನ್ನ ಮಗಳ ವಿವಾಹವನ್ನು ಯಥಾಶಕ್ತಿ ನೆರವೇರಿಸಿರುತ್ತೇನೆ. ಬಿ ಷೆಡ್ಯೂಲ್ ತೋಟವನ್ನು ನನ್ನ ಇಬ್ಬರು ಗಂಡುಮಕ್ಕಳು ಸಮಭಾಗವಾಗಿ ಹೊಂದಿ ದಾನ, ವಿಕ್ರಯ, ವಿನಿಮಯಾದಿ ಪರಾಧೀನಾಧಿಕಾರಗಳೊಂದಿಗೆ ಪುತ್ರಪೌತ್ರ ಪಾರಂಪರ್ಯವಾಗಿ ಅನುಭವಿಸತಕ್ಕದ್ದು.”

ಅಣ್ಣ ಕಳಿಸಿದ್ದ ಫೋಟೊದಲ್ಲಿ ಮೊದಲ ಪುಟ ಇರಲಿಲ್ಲ. ಅದರಲ್ಲಿ ದುರುದ್ದೇಶ ಇತ್ತು ಅಂತ ನನಗೆ ಅನ್ನಿಸುವುದಿಲ್ಲ. ಪೀಠಿಕೆಯನ್ನು ಯಾರು ಓದುತ್ತಾರೆ? ‘ನನಗೆ ಇಷ್ಟು ವಯಸ್ಸಾಗಿರುತ್ತದೆ, ದೇಹ ನಶ್ವರವಾದ್ದರಿಂದ’ ಅಂತೆಲ್ಲ ಇರುತ್ತದೆ ಅಂತ ಎಲ್ಲರೂ ನೇರ ಷೆಡ್ಯೂಲಿಗೆ ಹೋಗುತ್ತಾರೆ. ಆದರೆ ‘ಮಕ್ಕಳು’ ಅಂದರೆ ಮೇಷ್ಟ್ರ ಮನಸ್ಸಿನಲ್ಲಿ ಎಷ್ಟು ಜನ ಅನ್ನುವುದಕ್ಕೆ ಅವರೇ ಬರೆಸಿದ ಉತ್ತರ ಅಲ್ಲಿತ್ತು. ಮೂರು ಜನ.

ಈಗ ಮೂರು ಓದೂ ಸ್ಪಷ್ಟವಾದವು. ದೊಡ್ಡಮಗನ ವಾದ: ತಾಯಿಗೆ ಇದ್ದದ್ದು ಬದುಕಿರುವ ತನಕದ ಹಕ್ಕು, ದಾನ ನಡೆಯುವುದಿಲ್ಲ, ಮತ್ತು ‘ಮಕ್ಕಳು’ ಅಂದರೆ ಗಂಡುಮಕ್ಕಳು. ಚಿಕ್ಕಮಗನ ವಾದ: ‘ಸಂಪೂರ್ಣ ಹಕ್ಕು’ ಅಂತ ಅಪ್ಪನೇ ಬರೆದಿದ್ದಾರೆ, ತಾಯಿ ಪೂರ್ತಿ ಮಾಲೀಕರು, ಹಾಗಾಗಿ ದಾನ ಸರಿ. ನಮ್ಮ ವಾದ: ತಾಯಿಗೆ ಜೀವಿತಾವಧಿ ಹಕ್ಕು, ನಂತರ ಮೂವರಿಗೂ ಮೂರನೇ ಒಂದು. ಅಂದರೆ ತಾಯಿಯ ಹಕ್ಕಿನ ವಿಷಯದಲ್ಲಿ ನಾವೂ ದೊಡ್ಡಣ್ಣನೂ ಒಂದೇ ಕಡೆ, ‘ಮಕ್ಕಳು’ ವಿಷಯದಲ್ಲಿ ನಾವು ಒಂಟಿ. ಕೋರ್ಟು ಮಧ್ಯಸ್ಥಿಕೆಗೆ ಕಳಿಸಿತು. ಎರಡು ಸಿಟ್ಟಿಂಗ್ ಆಯಿತು, ದೊಡ್ಡವರು “ಅವಳ ಮದುವೆಗೆ ಅಪ್ಪ ಸಾಲ ಮಾಡಿದ್ದು ಸಾಲದಾ” ಅಂದ ಮೇಲೆ ಮಾತು ಮುರಿಯಿತು.

ಮೊದಲ ಅಡ್ಡಿ ಬಂದದ್ದು ನಾವು ಯೋಚಿಸದ ಕಡೆಯಿಂದ. ನಮ್ಮ ಲಿಖಿತ ಹೇಳಿಕೆ ಓದಿದ ಮೇಲೆ ಚಿಕ್ಕಮಗನ ಕಡೆಯವರೂ ಲೆಕ್ಕ ಹಾಕಿದರು. ನಮ್ಮ ಓದು ಗೆದ್ದರೆ ಅವರಿಗೆ ಮೂರನೇ ಒಂದು, ವಿಲ್ಲೇ ಬಿದ್ದರೆ ಅರ್ಧ. ಹಾಗಾಗಿ ‘ವಿಲ್ ನಮಗೆ ಒಪ್ಪಿಗೆ ಇಲ್ಲ’ ಅಂತ ತಮ್ಮ ಹೇಳಿಕೆ ತಿದ್ದಲು ಅರ್ಜಿ ಹಾಕಿದರು. ಆದರೆ ಅವರ ದಾನಪತ್ರದಲ್ಲೇ ‘ಪತಿಯ ಮರಣಶಾಸನದ ಮೂಲಕ ನನಗೆ ಬಂದ ಮನೆ’ ಅಂತ ತಾಯಿ ಹೇಳಿಸಿದ್ದರು. ಪಾಲುಪಟ್ಟಿಯಲ್ಲಿ ಅವರದೂ ಸಹಿ ಇತ್ತು. ಒಮ್ಮೆ ಒಪ್ಪಿಕೊಂಡದ್ದನ್ನು ತಿದ್ದುಪಡಿಯ ಹೆಸರಿನಲ್ಲಿ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ ಅಂತ ಕೋರ್ಟು ಅರ್ಜಿ ವಜಾ ಮಾಡಿತು.

ಅಷ್ಟಕ್ಕೆ ಮುಗಿಯಲಿಲ್ಲ. ಎಲ್ಲರೂ ಒಪ್ಪಿದರೂ ವಿಲ್ ಅನ್ನು ಕಾನೂನಿನ ಪ್ರಕಾರ ಸಾಬೀತು ಮಾಡಲೇಬೇಕು. ಭಾರತೀಯ ಉತ್ತರಾಧಿಕಾರ ಕಾಯಿದೆ, 1925ರ ಕಲಂ 63ರಂತೆ ಕನಿಷ್ಠ ಇಬ್ಬರು ಸಾಕ್ಷಿಗಳು ಸಹಿ ಮಾಡಿರಬೇಕು. ಸಾಕ್ಷ್ಯ ಕಾಯಿದೆಯ ಕಲಂ 68ರಂತೆ (2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದು 67) ಅವರಲ್ಲಿ ಬದುಕಿರುವ ಒಬ್ಬರನ್ನಾದರೂ ಕರೆಸಿ ಕೇಳಬೇಕು. ನೋಂದಣಿ ಆಗಿದೆ ಅನ್ನುವುದು ಇದಕ್ಕೆ ಬದಲಿ ಅಲ್ಲ. ತುಂಬ ಜನ ಹೀಗೆ ಅಂದುಕೊಂಡು ಮೋಸ ಹೋಗಿದ್ದಾರೆ.

ಸಾಕ್ಷಿಗಳಲ್ಲಿ ಅಂಗಡಿಯವರೊಬ್ಬರು ತೀರಿಕೊಂಡಿದ್ದರು. ಬಿಕ್ಕಲಂ (ಪತ್ರ ಬರೆದವರ ಸಹಿ) ಹಾಕಿದ ಪತ್ರ ಬರಹಗಾರರೂ ಇರಲಿಲ್ಲ. ಉಳಿದವರು ನಿವೃತ್ತ ಪೋಸ್ಟ್ ಮಾಸ್ಟರ್, ಎಂಬತ್ತು ದಾಟಿತ್ತು. ಇಲ್ಲಿ ನನ್ನದೊಂದು ತಪ್ಪಿದೆ. ವಾದಿ ಹೇಗೂ ಅವರನ್ನು ಕರೆಸುತ್ತಾರೆ ಅಂತ ಸುಮ್ಮನೆ ಕೂತೆ. ಎರಡು ಸಲ ಮುಂದಕ್ಕೆ ಹೋಯಿತು, ಅಷ್ಟರಲ್ಲಿ ಅವರು ಮನೆಯಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಅವರು ಉಳಿಯದೇ ಹೋಗಿದ್ದರೆ ಕೈಬರಹ ಗುರುತಿಸುವವರನ್ನು ಹುಡುಕಿಕೊಂಡು ಹೋಗಬೇಕಿತ್ತು. ವಯಸ್ಸಾದ ಸಾಕ್ಷಿ ಇದ್ದರೆ ಮೊದಲ ದಿನವೇ, ಮನೆಗೇ ಹೋಗಿ ಸಾಕ್ಷ್ಯ ಬರೆದುಕೊಳ್ಳುವ ಕಮಿಷನರ್ ನೇಮಿಸಿ ಅಂತ ಅರ್ಜಿ ಹಾಕಬೇಕು, ಎದುರು ಪಕ್ಷದವರ ಸಾಕ್ಷಿ ಆದರೂ ಸರಿ.

ಕೊನೆಗೆ ಅವರು ಕೋಲು ಹಿಡಿದು ಕೋರ್ಟಿಗೆ ಬಂದರು. ಚಿಕ್ಕಮಗನ ವಕೀಲರು ಪಾಟೀ ಸವಾಲಿನಲ್ಲಿ ಕೇಳಿದರು: “ನೀವು ಹೋಗುವಷ್ಟರಲ್ಲಿ ಮೇಷ್ಟ್ರು ಸಹಿ ಹಾಕಿ ಆಗಿತ್ತು, ಅಲ್ವಾ?” “ಹೂಂ ಸ್ವಾಮಿ, ಆಗಿತ್ತು.” ಅವರು ಅಲ್ಲಿಗೇ ನಿಲ್ಲಿಸಿದರು. ನಮ್ಮ ಕಕ್ಷಿದಾರರ ಮುಖ ಬಿಳಿಚಿಕೊಂಡಿತು. ನಮ್ಮ ಸರದಿ ಬಂದಾಗ ನಾನು ಕೇಳಿದ್ದು ಇಷ್ಟೇ: “ಆಮೇಲೆ ಏನಾಯಿತು?” ಅವರು ಹೇಳಿದರು: “ಇದು ನನ್ನ ರುಜು ಕಣಯ್ಯಾ, ನೀವಿಬ್ಬರೂ ಹಾಕಿ ಅಂತ ನನಗೂ ಅಂಗಡಿಯವನಿಗೂ ತೋರಿಸಿದರು. ಅವರ ಎದುರಿಗೇ ನಾನು ಹಾಕಿದೆ, ನನ್ನ ಪಕ್ಕದಲ್ಲಿ ಅವನೂ ಹಾಕಿದ.” ಕಲಂ 63 ಕೇಳುವುದು ಇದನ್ನೇ. ಸಹಿ ಹಾಕುವುದನ್ನು ಸಾಕ್ಷಿ ಕಣ್ಣಾರೆ ನೋಡಿರಬೇಕು, ಇಲ್ಲವೇ ಬರೆದವರೇ ‘ಇದು ನನ್ನ ಸಹಿ’ ಅಂತ ಸಾಕ್ಷಿಗೆ ಹೇಳಿರಬೇಕು. ಎರಡರಲ್ಲಿ ಒಂದು ಸಾಕು. ಬಂದ ಒಬ್ಬ ಸಾಕ್ಷಿ ಇನ್ನೊಬ್ಬರ ಸಹಿಯ ಬಗ್ಗೆಯೂ ಹೇಳಬೇಕು ಅಂತ ಸುಪ್ರೀಂ ಕೋರ್ಟು ಜಾನಕಿ ನಾರಾಯಣ ಭೋಯಿರ್ ಪ್ರಕರಣದಲ್ಲಿ ಹೇಳಿದೆ, ಅದೂ ಆ ಒಂದೇ ಉತ್ತರದಲ್ಲಿ ಬಂತು. ಇದರ ಜೊತೆಗೆ ಅನುಮಾನಕ್ಕೆ ಎಡೆ ಕೊಡುವ ಸನ್ನಿವೇಶ ಏನಾದರೂ ಇತ್ತಾ ಅಂತಲೂ ಕೋರ್ಟು ನೋಡಿತು. ನಮ್ಮ ಮೈಸೂರಿನಿಂದಲೇ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ಪ್ರಕರಣದ 1958ರ ತೀರ್ಪು ಇವತ್ತಿಗೂ ಇದಕ್ಕೆ ಅಳತೆಗೋಲು. ಆಸ್ತಿ ಪಡೆಯುವವರೇ ಮುಂದೆ ನಿಂತು ವಿಲ್ ಬರೆಸಿದರೆ ಅನುಮಾನ ಶುರುವಾಗುತ್ತದೆ, ಅದನ್ನು ಅವರೇ ತೊಡೆಯಬೇಕು. ಇಲ್ಲಿ ನೋಂದಣಿ ದಿನ ಮಕ್ಕಳು ಯಾರೂ ಜೊತೆಗೆ ಹೋಗಿರಲಿಲ್ಲ. ವಿಲ್ ನಿಂತಿತು.

ಇನ್ನು ಉಳಿದದ್ದು ಅರ್ಥ. ವಿಲ್ ಬರೆದವರ ಕುರ್ಚಿಯಲ್ಲಿ ಕೂತು ನೋಡಬೇಕು ಅಂತ ವಕೀಲರು ಹೇಳುವುದುಂಟು. ಅವರ ಕುಟುಂಬ ಹೇಗಿತ್ತು, ಆಸ್ತಿ ಏನಿತ್ತು, ಯಾರು ಎಲ್ಲಿದ್ದರು ಅನ್ನುವುದೆಲ್ಲ ಲೆಕ್ಕಕ್ಕೆ ಬರುತ್ತದೆ. ಆದರೆ ಅವರು ಏನು ಬರೆಯಬೇಕಿತ್ತು, ಏನು ಬರೆದರೆ ನ್ಯಾಯವಾಗುತ್ತಿತ್ತು ಅನ್ನುವುದು ಬರುವುದಿಲ್ಲ. ದೊಡ್ಡಮಗ ತಮ್ಮ ಸೋದರಮಾವನನ್ನು ಕರೆತಂದು ‘ಮನೆ ಗಂಡುಮಕ್ಕಳಿಗೆ ಅಂತ ಭಾವ ನನಗೆ ಹೇಳಿದ್ದರು’ ಅಂತ ಹೇಳಿಸಲು ನೋಡಿದರು. ಬಾಯಿಮಾತಿನಿಂದ ಬರಹದ ಅರ್ಥ ಬದಲಿಸಲು ಆಗುವುದಿಲ್ಲ ಅಂತ ಕೋರ್ಟು ಅದನ್ನು ಬದಿಗಿಟ್ಟಿತು. ಸೋದರಮಾವ ಸುಳ್ಳು ಹೇಳಿದರು ಅಂತ ನಾನು ಅನ್ನುವುದಿಲ್ಲ. ಜಗಲಿಯಲ್ಲಿ ಕೂತು ಆಡಿದ ಮಾತೇ ಬೇರೆ, ಯೋಚಿಸಿ ಬರೆಸಿದ ಮಾತೇ ಬೇರೆ.

ದೊಡ್ಡಮಗನ ವಕೀಲರು ಇನ್ನೊಂದು ಮಾತು ಹೇಳಿದರು, ಅದನ್ನು ಸುಲಭವಾಗಿ ತಳ್ಳಿಹಾಕಲು ಬರುತ್ತಿರಲಿಲ್ಲ. ನಮ್ಮ ಕಡೆ ಹಳ್ಳಿಯಲ್ಲಿ ‘ಎಷ್ಟು ಮಕ್ಕಳು’ ಅಂತ ಕೇಳಿದರೆ ‘ಎರಡು ಮಕ್ಕಳು, ಒಂದು ಹೆಣ್ಣು’ ಅನ್ನುವವರು ಈಗಲೂ ಇದ್ದಾರೆ. ಆ ಆಡುಮಾತಿನಲ್ಲಿ ಮಕ್ಕಳು ಅಂದರೆ ಗಂಡು. ನಾನೂ ಇದನ್ನು ಕೇಳಿ ಬೆಳೆದವನೇ. ಇದಕ್ಕೆ ಉತ್ತರ ವಿಲ್‌ನ ಒಳಗೇ ಇತ್ತು. ಉತ್ತರಾಧಿಕಾರ ಕಾಯಿದೆಯ ಕಲಂ 82, ಒಂದು ವಾಕ್ಯದ ಅರ್ಥವನ್ನು ಇಡೀ ವಿಲ್ ಓದಿ ತಿಳಿಯಬೇಕು ಅನ್ನುತ್ತದೆ. ಕಲಂ 86, ಒಂದೇ ಪದ ಬೇರೆ ಬೇರೆ ಕಡೆ ಬಂದರೆ, ಬೇರೆ ಉದ್ದೇಶ ಕಾಣದಿದ್ದರೆ, ಎಲ್ಲ ಕಡೆಯೂ ಒಂದೇ ಅರ್ಥ ಅನ್ನುತ್ತದೆ. ಪೀಠಿಕೆಯಲ್ಲಿ ‘ಮೂರು ಜನ ಮಕ್ಕಳು’. ತೋಟದಲ್ಲಿ ‘ಇಬ್ಬರು ಗಂಡುಮಕ್ಕಳು’. ಮನೆಯಲ್ಲಿ ಬರೀ ‘ಮಕ್ಕಳು’. ಗಂಡುಮಕ್ಕಳಿಗೆ ಮಾತ್ರ ಕೊಡಬೇಕು ಅನ್ನಿಸಿದಾಗ ಅದನ್ನು ಬಿಡಿಸಿ ಬರೆಸಲು ಮೇಷ್ಟ್ರಿಗೆ ಗೊತ್ತಿತ್ತು, ಬರೆಸಿದ್ದಾರೆ ಕೂಡ. ಮಗಳ ಮದುವೆಯ ಮಾತು ಬಂದಿರುವುದು ತೋಟದ ಪ್ಯಾರಾದಲ್ಲಿ, ತೋಟ ಅವಳಿಗೆ ಯಾಕಿಲ್ಲ ಅನ್ನುವುದಕ್ಕೆ ಕಾರಣವಾಗಿ. ಮನೆಯ ಪ್ಯಾರಾದಲ್ಲಿ ಅದು ಇಲ್ಲ.

ತಾಯಿಯ ‘ಸಂಪೂರ್ಣ ಹಕ್ಕು’ ವಿಷಯದಲ್ಲೂ ಕೋರ್ಟು ಇದೇ ರೀತಿ ಓದಿತು. ಗಂಡುಮಕ್ಕಳ ತೋಟಕ್ಕೆ ‘ದಾನ, ವಿಕ್ರಯ, ವಿನಿಮಯ’ ಅನ್ನುವ ಪದಗಳಿವೆ, ತಾಯಿಯ ಮನೆಗೆ ಇಲ್ಲ. ಇರುವುದು ‘ಜೀವಿತ ಕಾಲ ಪರ್ಯಂತ ಅನುಭವಿಸಿಕೊಂಡು’. ಮಂಗಳೂರಿನ ಕಡೆಯಿಂದ ಹೋದ ರಾಮಚಂದ್ರ ಶೆಣೈ ವಿರುದ್ಧ ಹಿಲ್ಡಾ ಬ್ರೈಟ್ ಪ್ರಕರಣ ನಮಗೆ ಆಧಾರವಾಯಿತು. ಒಬ್ಬರಿಗೆ ಪೂರ್ತಿ ಹಕ್ಕು ಅನ್ನುವ ಹಾಗೆ ಬರೆದು, ಅವರ ನಂತರ ಅದೇ ಆಸ್ತಿ ಇನ್ನೊಬ್ಬರಿಗೆ ಅಂತಲೂ ಬರೆದಿದ್ದರೆ, ಮೊದಲನೆಯವರಿಗೆ ಬದುಕಿರುವ ತನಕದ ಹಕ್ಕು ಅಂತ ಓದಿ ಎರಡೂ ವಾಕ್ಯಗಳನ್ನು ಉಳಿಸಿಕೊಳ್ಳಲು ನೋಡಬೇಕು ಅಂತ ಅದರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಎರಡನ್ನೂ ಒಟ್ಟಿಗೆ ಉಳಿಸಲು ಆಗದೇ ಇದ್ದಾಗ ಮಾತ್ರ ಕಲಂ 88 ಬರುತ್ತದೆ: ವಿಲ್‌ನಲ್ಲಿ ಕೊನೆಯ ಮಾತೇ ಮಾತು. ಕ್ರಯಪತ್ರದಲ್ಲಿ ಇದು ತಿರುವುಮುರುವು, ಅಲ್ಲಿ ಮೊದಲು ಬರೆದದ್ದು ನಿಲ್ಲುತ್ತದೆ. ಕ್ರಯಪತ್ರ ಬರೆದು ಪಳಗಿದವರು ವಿಲ್ ಬರೆಯುವಾಗ ಇದನ್ನು ಮರೆಯುತ್ತಾರೆ.

ನನಗೆ ಜಾಸ್ತಿ ಭಯ ಇದ್ದದ್ದು ಹಿಂದೂ ಉತ್ತರಾಧಿಕಾರ ಕಾಯಿದೆ, 1956ರ ಕಲಂ 14ರ ಬಗ್ಗೆ. ಹೆಂಗಸಿಗೆ ಜೀವನಾಂಶಕ್ಕೆ ಬದಲಾಗಿ ಕೊಟ್ಟ ಆಸ್ತಿ, ಕಾಗದದಲ್ಲಿ ಎಷ್ಟೇ ಮಿತಿ ಹಾಕಿದ್ದರೂ, 14(1)ರ ಪ್ರಕಾರ ಅವಳ ಪೂರ್ತಿ ಸ್ವತ್ತಾಗುತ್ತದೆ. 1977ರ ತುಳಸಮ್ಮ ತೀರ್ಪಿನ ಶಕ್ತಿ ಅದು, ಎಷ್ಟೋ ವಿಧವೆಯರನ್ನು ಬೀದಿಗೆ ಬೀಳದಂತೆ ಕಾಪಾಡಿದೆ. ಚಿಕ್ಕಮಗನ ವಕೀಲರು ಇದನ್ನು ಚೆನ್ನಾಗಿ ಹಿಡಿದರು. ಇನ್ನೊಂದು ಕಡೆ 14(2) ಇದೆ: ವಿಲ್ ಮೂಲಕವೇ ಹೊಸದಾಗಿ ಮಿತಿಯ ಹಕ್ಕು ಕೊಟ್ಟಿದ್ದರೆ ಮಿತಿ ನಿಲ್ಲುತ್ತದೆ. 2006ರ ಸಾಧು ಸಿಂಗ್, 2022ರ ಜೋಗಿ ರಾಮ್ ಪ್ರಕರಣಗಳಲ್ಲಿ ಹೀಗೇ ಆಯಿತು. ನಮ್ಮ ಕೈಹಿಡಿದದ್ದು ಮೇಷ್ಟ್ರ ಕುಟುಂಬ ಪಿಂಚಣಿ. ತಾಯಿಗೆ ತಿಂಗಳು ತಿಂಗಳು ಅದು ಬರುತ್ತಿತ್ತು ಅನ್ನುವುದನ್ನು ಬ್ಯಾಂಕ್ ಪಾಸ್‌ಬುಕ್‌ನಿಂದ ತೋರಿಸಿದೆವು. ಜೀವನಕ್ಕೆ ದಾರಿ ಬೇರೆ ಇತ್ತು, ಮನೆ ಕೊಟ್ಟದ್ದು ವಾಸಕ್ಕೆ ಅಂತ ಕೋರ್ಟು ಒಪ್ಪಿತು.

2023ರಲ್ಲಿ ಡಿಕ್ರಿ ಆಯಿತು. ದಾನಪತ್ರ ಉಳಿದವರನ್ನು ಕಟ್ಟಿಹಾಕುವುದಿಲ್ಲ, ಮೂವರಿಗೂ ತಲಾ ಮೂರನೇ ಒಂದು. ಚಿಕ್ಕಮಗ ಮೇಲ್ಮನವಿ ಹೋದರು. ಅಲ್ಲಿ, ತೀರ್ಪು ಗೆದ್ದಿದ್ದ ಮಗಳೇ ಮಾತು ಶುರು ಮಾಡಿದರು. “ಅಮ್ಮನ ಮೈ ತೊಳೆದವಳು ನಾನಲ್ಲ ಸಾರ್, ತಮ್ಮನ ಹೆಂಡತಿ” ಅಂದರು. 2024ರ ಲೋಕ್ ಅದಾಲತ್‌ನಲ್ಲಿ ರಾಜಿ ಆಯಿತು. ಮನೆ ಚಿಕ್ಕಮಗನಿಗೆ, ಅಣ್ಣನ ಪಾಲಿಗೆ ಮಾರುಕಟ್ಟೆ ಬೆಲೆ, ಅಕ್ಕನ ಪಾಲಿಗೆ ಅದಕ್ಕಿಂತ ಕಡಿಮೆ, ಕಂತಿನಲ್ಲಿ. ಅವರ ಯಜಮಾನರೂ ಅಂದು ಮರುಮಾತಾಡದೆ ಸಹಿ ಹಾಕಿದರು.

ಈ ಪ್ರಕರಣ ಆದ ಮೇಲೆ ನನ್ನ ಹತ್ತಿರ ವಿಲ್ ಬರೆಸಲು ಬರುವವರಿಗೆ ‘ಮಕ್ಕಳು’ ಅಂತ ಬರೆಯಲು ಬಿಡುವುದಿಲ್ಲ. ಒಬ್ಬೊಬ್ಬರ ಹೆಸರು, ಪಾಲು ಎಷ್ಟು, ಯಾರಿಗೆ ಇಲ್ಲ, ಯಾಕಿಲ್ಲ, ಎಲ್ಲ ಬರೆಸುತ್ತೇನೆ. ಹೆಂಡತಿಗೆ ಪೂರ್ತಿ ಹಕ್ಕು ಕೊಡುವುದಾದರೆ ‘ತರುವಾಯ’ ಅನ್ನುವ ವಾಕ್ಯವೇ ಬೇಡ. ಬದುಕಿರುವ ತನಕ ಮಾತ್ರ ಅನ್ನುವುದಾದರೆ ‘ಸಂಪೂರ್ಣ’ ಅನ್ನುವ ಪದ ಬೇಡ, ಮಾರುವ, ದಾನ ಕೊಡುವ ಹಕ್ಕಿಲ್ಲ ಅಂತ ಬಿಡಿಸಿ ಬರೆಯಬೇಕು. ಅವರ ಜೀವನಕ್ಕೆ ಬೇರೆ ಏನು ಏರ್ಪಾಡು ಇದೆ ಅನ್ನುವುದನ್ನೂ ಅದೇ ಪ್ಯಾರಾದಲ್ಲಿ ಹೇಳಿಸುತ್ತೇನೆ. ಯಾಕೆಂದರೆ 14(1) ಮತ್ತು 14(2)ರ ನಡುವಿನ ಈ ಎಳೆದಾಟವನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ತೇಜ್ ಭಾನ್ ಪ್ರಕರಣದಲ್ಲಿ ದೊಡ್ಡ ಪೀಠಕ್ಕೆ ಒಪ್ಪಿಸಿದೆ. ನಮ್ಮ ಮೇಲ್ಮನವಿ ರಾಜಿಯಾಗದೆ ಮುಂದುವರಿದಿದ್ದರೆ, ಆ ಪಾಸ್‌ಬುಕ್ ಒಂದರ ಮೇಲೆ ಇಡೀ ಕೇಸು ನಿಲ್ಲುತ್ತಿತ್ತೋ ಏನೋ.